ಊರನ್ನೇ ದತ್ತು ತಗೊಂಡ ವರ್ಷ

ಕಳೆದ ವಾರ ಮುದಗಲ್ಲಿನ ಒಂದು ಮದುವೆಗೆ ಹೊರಟಿದ್ದೆವು. ಸಿಂಧನೂರಿನಿಂದ ಹೊರಟ ಬಸ್ಸು ಮಸ್ಕಿ ದಾಟಿ ಸ್ವಲ್ಪ ಹೊತ್ತಾಗಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಬುತ್ತಿ ಬಿಚ್ಚಿದರು. ಗುರೆಳ್ಳು ಹಿಂಡಿ, ಕಟಕ ಸಜ್ಜಿ ರೊಟ್ಟಿ, ಹಸಿ ಉಳ್ಳಾಗಡ್ಡಿ! ಬಾಯಲ್ಲಿ ನೀರೂರುವ ಮೊದಲೇ ಹಳ್ಳದಾಚೆಯ ಆ ಊರು ನೆನಪಾಯಿತು. ಸಂತೆಕಲ್ಲೂರಿನಲ್ಲಿ ಬಸ್ಸು ನಿಂತಾಗ ಇಳಿದೇಬಿಡೋಣ ಅಂತ ಎದ್ದು ನಿಂತೆ. ಹೆಂಡತಿ ಅಂಗಿ ಹಿಡಿದು ಜಗ್ಗಿದಳು. "ಮದುವಿಗೆ ಹೊಂಟೀವೋ, ನಿಮ್ಮ ದತ್ತು ಊರಿಗೆ ಹೊಂಟೀವೋ? ಕುಂದರ್ರಿ ಸುಮ್ಮನ" ಅಂದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನನ್ನನ್ನು ಕಟ್ಟಿಕೊಂಡಾಗಿನಿಂದ ಅವಳು ಬೈಯುತ್ತಲೇ ಇದ್ದಾಳೆ. ಸುಳ್ಳೇನಲ್ಲ. ಸಿಂಧನೂರಿನಲ್ಲಿ ನನ್ನದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಅಲ್ಲಿಯೂ ಗಲ್ಲಾದ ಮುಂದೆ ನಾನು ಕೂತದ್ದಕ್ಕಿಂತ ರಸ್ತೆಯಲ್ಲಿ ನಿಂತದ್ದೇ ಹೆಚ್ಚು. ಆದರೆ ಆ ಒಂದು ವರ್ಷ ಓಡಿದ ಹಾಗೆ ಹಿಂದೆ ಎಂದೂ ಓಡಿರಲಿಲ್ಲ.

ಐದಾರು ವರ್ಷದ ಹಿಂದಿನ ಮಾತು. ನಮ್ಮದೊಂದು ಸೇವಾ ಕ್ಲಬ್ಬು. ಸಭೆ ಸಿಂಧನೂರಿನಲ್ಲಿ, ಸದಸ್ಯರು ಮಸ್ಕಿ, ಲಿಂಗಸುಗೂರಿನಿಂದಲೂ ಬರುತ್ತಾರೆ. ಜುಲೈನಿಂದ ಜೂನಿನವರೆಗೆ ಒಬ್ಬ ಅಧ್ಯಕ್ಷ. ಅವನ ಯೋಜನೆ ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಸಾಯುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಒಬ್ಬರು ಕಟ್ಟಿಸಿದ ನೀರಿನ ಟಾಕಿಯಲ್ಲಿ ಇನ್ನೊಬ್ಬರ ಕಾಲಕ್ಕೆ ಪಾರಿವಾಳಗಳು ಸಂಸಾರ ಹೂಡಿರುತ್ತಿದ್ದವು. ಇದು ಮೇಲಿನವರ ಕಿವಿಗೂ ಬಿದ್ದಿರಬೇಕು. ಆ ವರ್ಷ ಸೂಚನೆ ಬಂತು: ಒಂದೇ ವರ್ಷಕ್ಕೆ ಮುಗಿದುಹೋಗದ, ಜನರ ಬದುಕು ಸುಧಾರಿಸುವಂಥ ಖಾಯಂ ಯೋಜನೆಯೊಂದನ್ನು ಆರಿಸಿಕೊಳ್ಳಿ.

ಮಳೆ ಆಗೊಮ್ಮೆ ಈಗೊಮ್ಮೆ ಮುಖ ತೋರಿಸಿ ಓಡಿಹೋಗುತ್ತಿದ್ದ ಕಾಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದೊಂದೇ ಊರಿನ ಮಾತು. ಹೋಟೆಲಿನ ಮಹಡಿಯ ಹಾಲ್‌ನಲ್ಲಿ ಸಭೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಬೆವರು ಇಳಿಯುತ್ತಿತ್ತು. ಸಿಂಧನೂರಿನವರು ಉದ್ಯಾನ ಅಂದರು. ಲಿಂಗಸುಗೂರಿನವರು ಬಸ್ ನಿಲ್ದಾಣಕ್ಕೆ ದೊಡ್ಡ ಗಡಿಯಾರ ಅಂದರು. ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಖಾಸಿಂ ನಮ್ಮ ಕಾರ್ಯದರ್ಶಿ, ನನ್ನ ಹಳೆಯ ಗೆಳೆಯ. ಅವನು ತಲೆಯೆತ್ತದೆ, "ಗಡಿಯಾರ ಬಿಲ್ಕುಲ್ ಖಾಯಂ ಆಗತೈತಿ ಬಿಡ್ರಿ. ಒಮ್ಮೆ ನಿಂತಿತಂದ್ರ ಮತ್ತ ಓಡಂಗಿಲ್ಲ" ಅಂದ. ಅಲ್ಲಿಗೆ ಗಡಿಯಾರ ಸತ್ತಿತು.

ಆಗ ಎದ್ದರು ನಮ್ಮ ಹೊಸ ಅಧ್ಯಕ್ಷರು ಸತ್ಯಂ. ಅಕ್ಕಿ ಗಿರಣಿಯ ಮಾಲಕರು. ಅಜ್ಜನ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದ ಮನೆತನ. ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಅವಸರ. "ಇದೆಲ್ಲ ಯಾಕಂಡಿ? ಒಂದು ಊರನ್ನೇ ದತ್ತು ತಗೊಂಡು ಬಿಡೋಣ!" ಅಂದರು. ಸಭೆ ತುಂಬ ಚಪ್ಪಾಳೆ. ಯಾವ ಊರು ಎಂದು ಮತ್ತೆ ಜಗ್ಗಾಟ ನಡೆದು, ಕೊನೆಗೆ ಮೂರೂ ಕಡೆಯವರು ಒಪ್ಪುವಂಥ ಊರೊಂದು ಗೊತ್ತಾಯಿತು. ಸಂತೆಕಲ್ಲೂರಿನಿಂದ ಒಳಗೆ, ಹಳ್ಳದ ಆಚೆ ದಂಡೆಯ ಮೇಲಿದೆ. ಹೆಸರು ಬರೆಯುವುದಿಲ್ಲ; ಬರೆದರೆ "ನಮ್ಮನ್ನ ಪೇಪರಿಗೆ ಹಾಕಿದಿ" ಅಂತ ನಾಳೆಯೇ ಫೋನು ಬರುತ್ತದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಆ ಊರಿಗೂ ರಸ್ತೆಗೂ ಸಂಬಂಧ ಕಡಿಯುತ್ತದೆ. ಶಾಲೆಗೆ ಹೋಗುವ ಮಕ್ಕಳು, ದವಾಖಾನೆಗೆ ಹೋಗುವ ಬಸುರಿಯರು ಎಲ್ಲ ದಂಡೆಯ ಮೇಲೇ ನಿಲ್ಲಬೇಕು. ಅದಕ್ಕೊಂದು ಕಾಲುಸೇತುವೆ ಕಟ್ಟಿಸಿಕೊಡುವುದು ನಮ್ಮ ಮೊದಲ ಕೆಲಸ ಎಂದಾಯಿತು.

"ಸೇತುವಿ ಮಾಡೂಣ, ಭಾಳ ಚಲೋ. ದತ್ತು ಅನ್ನೂದು ಮಾತ್ರ ಬ್ಯಾಡ್ರಿ" ಅಂದೆ ನಾನು.

"ಯಾಕಂಡಿ?"

"ಬ್ಯಾಡ ಅಂದ್ರ ಬ್ಯಾಡ. ಮತ್ಯಾವ ಶಬ್ದ ಸಿಗಲಿಲ್ಲೇನು ನಿಮಗ?"

ನನ್ನ ದನಿ ಬೇಕಾದ್ದಕ್ಕಿಂತ ಮೇಲೆ ಹೋಗಿತ್ತು. ಎಲ್ಲರೂ ನಕ್ಕರು. ಖಾಸಿಂ ಮಾತ್ರ ನಗಲಿಲ್ಲ. "ಕ್ಯಾ ಹುವಾ ಯಾರ್? ಮಾರಿ ಯಾಕ ಹಂಗ ಕೆಂಪ ಆಗೈತಿ?" ಎಂದು ಮೆಲ್ಲಗೆ ಕೇಳಿದ. ಸೆಕೆ ಅಂದೆ.

ಸೆಕೆ ಅಲ್ಲ. ನಾನು ದತ್ತು ಹೋಗಿ ವಾಪಸು ಬಂದವನು.

ಮುದಗಲ್ಲಿನ ಹತ್ತಿರದ ಒಣಬೇಸಾಯದ ಹಳ್ಳಿ ನಮ್ಮದು. ಅಪ್ಪನ ದಾಯಾದಿ ಅಣ್ಣ ಒಬ್ಬರಿಗೆ ಸಿಂಧನೂರಿನಲ್ಲಿ ಮನೆ, ನೀರಾವರಿ ಗದ್ದೆ ಎಲ್ಲ ಇತ್ತು, ಮಕ್ಕಳಿರಲಿಲ್ಲ. ಶಾಲೆಯ ಎರಡನೇ ಇಯತ್ತೆಯಲ್ಲಿದ್ದ ನನ್ನನ್ನು ಅವರ ಉಡಿಯಲ್ಲಿ ಹಾಕಿದರು. ಹೊಸ ಅಂಗಿ, ಬಾಯಿಗೆ ಸಕ್ಕರೆ, ಬಂಧುಬಳಗಕ್ಕೆಲ್ಲ ಹೋಳಿಗೆ ಊಟ. ನಾಲ್ಕು ವರ್ಷ ಅಲ್ಲಿ ಅನ್ನ ಉಂಡು ಬೆಳೆದೆ, ಅಲ್ಲಿಯ ಮಗನೇ ಆದೆ. ಆಮೇಲೆ ಅವರಿಗೊಂದು ಗಂಡು ಕೂಸು ಹುಟ್ಟಿತು. ಬೇಸಿಗೆಯಲ್ಲಿ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮತ್ತೆ ಕರೆಯಲಿಲ್ಲ, ಅಷ್ಟೇ. ಹಳ್ಳಿಯ ಹುಡುಗರು ನನಗೆ "ವಾಪಸ್" ಅಂತ ಹೆಸರಿಟ್ಟರು. ಲೇ ವಾಪಸ್, ಬಾರಲೇ ಆಡಾಕ. ದೊಡ್ಡವನಾದ ಮೇಲೆ ಬದುಕಲು ಮತ್ತೆ ಸಿಂಧನೂರಿಗೇ ಬಂದೆ. ಅವರ ಮನೆ ಇರುವ ಓಣಿಯನ್ನು ಬಿಟ್ಟು ಇಡೀ ಊರು ಸುತ್ತುತ್ತೇನೆ. ಹೆಂಡತಿಗೆ ಇದೆಲ್ಲ ಗೊತ್ತು. ಕ್ಲಬ್ಬಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ನನಗೆ ಭಯವೆಂದರೆ ಭಯ. ಈ ಮಂದಿ ಚಪ್ಪಾಳೆ ತಟ್ಟಿ ತಗೊಳ್ಳುತ್ತಾರೆ, ಜೂನು ಬಂದರೆ ಬಿಟ್ಟುಬಿಡುತ್ತಾರೆ. ನನಗೆ ಆದದ್ದು ಒಂದು ಊರಿಗೇ ಆಗುತ್ತದೆ ಎಂದು ನಿದ್ದೆಗೆಟ್ಟೆ.

ಶ್ರಾವಣದಲ್ಲಿ ಉದ್ಘಾಟನೆ ಇಟ್ಟರು. ಹಳ್ಳದಲ್ಲಿ ಮೊಣಕಾಲುದ್ದ ನೀರು. ಅಧ್ಯಕ್ಷರು ಬಿಳಿ ಪ್ಯಾಂಟು ಮೇಲೇರಿಸಿ, ಬೂಟು ಕೈಯಲ್ಲಿ ಹಿಡಿದು ದಾಟಿದರು. ಶಾಲೆಯ ಮುಂದೆ ಪೆಂಡಾಲು, "ಈ ಗ್ರಾಮವನ್ನು ದತ್ತು ಪಡೆಯಲಾಗಿದೆ" ಎಂಬ ಬ್ಯಾನರು. ಭಾಷಣ ಶುರುವಾಗುತ್ತಿದ್ದ ಹಾಗೆ ಹೆಂಗಸರ ಗುಂಪಿನಿಂದ ಒಬ್ಬ ಮುದುಕಿ ಎದ್ದಳು. ಹುಲಿಗೆಮ್ಮ ಅಂತ. ಎತ್ತರದ ಆಳು, ಎಲೆಯಡಿಕೆಯ ಬಾಯಿ. ಆ ಊರಿನಲ್ಲಿ ಮದುವೆ ಕುದುರಬೇಕಾದರೂ ಜಗಳ ಮುರಿಯಬೇಕಾದರೂ ಅವಳು ಬೇಕು ಎಂಬುದು ನಮಗೆ ಆಮೇಲೆ ತಿಳಿಯಿತು.

"ಯಪ್ಪಾ, ನಮ್ಮೂರಿಗೆ ತಂದಿ-ತಾಯಿ ಇಲ್ಲ ಅಂತ ನಿಮಗ ಯಾರು ಹೇಳ್ಯಾರ?"

ಅಧ್ಯಕ್ಷರು ಕಕ್ಕಾಬಿಕ್ಕಿ. "ಅದು ಹಾಗಲ್ಲಮ್ಮಾ, ಮಾತಿಗೆ ಹೇಳೋದು."

"ಮಾತಿಗೆ ದತ್ತು ತಗೊಳ್ಳಾಕ ಬರತೈತೇನು? ತಗೊಳ್ಳೂದಾದ್ರ ಸರಿಯಾಗಿ ತಗೋ. ತೊಡಿ ಮ್ಯಾಲೆ ಕುಂದ್ರಿಸ್ಕೋಬೇಕು, ಬಾಯಾಗ ಸಕ್ರಿ ಹಾಕಬೇಕು, ನಾಕ ಮಂದಿಗೆ ಉಣ್ಣಾಕ ನೀಡಬೇಕು. ನಾ ಅಂತೂ ತೊಡಿ ಮ್ಯಾಲೆ ಕುಂದ್ರಂಗಿಲ್ಲಪ, ನಿನ್ನ ತೊಡಿ ಮುರದು ಹೋಗತಾವ. ಸಕ್ರಿನಾರ ಹಾಕು."

ಜನ ಬಿದ್ದು ಬಿದ್ದು ನಕ್ಕರು. ಯಾರೋ ಓಡಿಹೋಗಿ ಬಟ್ಟಲಲ್ಲಿ ಸಕ್ಕರೆ ತಂದರು. ನಗೆಯಲ್ಲಿ ನಗೆಯಾಗಿ ಸತ್ಯಂ ಅವರು ಕೆಳಗಿಳಿದು, ಊರ ದೈವದ, ಅಂದರೆ ನೆರೆದ ಹಿರಿಯರ ಎದುರು, ಊರಿನ ಪರವಾಗಿ ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕಿದರು. ಅವಳು ಸೆರಗು ಹೊದ್ದು ಕಣ್ಣು ಮುಚ್ಚಿ ತಿಂದಳು. ಆಗ ಅವಳು ನಗುತ್ತಿರಲಿಲ್ಲ; ಅವಳ ಹಿಂದೆ ನಿಂತ ಹಿರಿಯರೂ ನಗು ನಿಲ್ಲಿಸಿದ್ದರು. ನಾನು ಖಾಸಿಂನ ತೋಳು ಹಿಡಿದೆ. "ಸತ್ತಿವಿ ಬಿಡೋ ಖಾಸಿಂ, ಇದು ಖರೇನ ಆಗಿಹೋತು" ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಅರ್ಥವಾಗಲು ಬಹಳ ದಿನ ಬೇಕಾಗಲಿಲ್ಲ. ಸತ್ಯಂ ಅವರಿಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳಾದ ಹುಲಿಗೆಮ್ಮ ಅವರನ್ನು "ಸಿಂಧನೂರ ಅಪ್ಪ" ಎಂದು ಕರೆಯತೊಡಗಿದಳು. ಅಪ್ಪನ ಹೆಂಡತಿ ಅವ್ವ ಆದಳು. ಖಾಸಿಂ ಮಾವ. ನಾನು, ಹಣೆಬರಹ ನೋಡಿ, ಅಣ್ಣ. ಮೊದಲ ಫೋನು ಬಂದದ್ದು ಒಂದು ಸಾವಿಗೆ. "ದತ್ತು ತಗೊಂಡ ಮನಿಯವರು ಬರದ ಹೆಣ ಎತ್ತಾಕ ಬರಂಗಿಲ್ಲ, ಲಗೂನ ಬರ್ರಿ." ಗಿರಣಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಂತ ದಿನ. ಸತ್ಯಂ ನನ್ನ ಮುಂದೆ ತಲೆ ತಲೆ ಚಚ್ಚಿಕೊಂಡರು. "ಏಮಂಡಿ ಅಮರೇಶಾ, ಸತ್ತವರು ಯಾರಂತಾನೇ ನನಗೆ ಗೊತ್ತಿಲ್ಲ!" ಅಂದರು. ಆದರೂ ಹಾರ ತಗೊಂಡು ಕಾರು ಹತ್ತಿದರು. ಅಂಗಡಿ ಬಿಟ್ಟು ನಾನೂ ಓಡಿದೆ.

ಆಮೇಲೆ ನಿಲ್ಲಲೇ ಇಲ್ಲ. ಕೂಸಿನ ಜಾವಳಕ್ಕೆ ಬರ್ರಿ, ಹೆಣ್ಣು ನೋಡಾಕ ಬರ್ರಿ, ಅಣ್ಣತಮ್ಮರು ಬಣವೆ ಜಗಳದಾಗ ಕೊಡಲಿ ಹಿಡದಾರ, ಬಂದು ಬುದ್ಧಿ ಹೇಳ್ರಿ. ಮದುವೆಯ ಸೀರೆ ಕೊಳ್ಳಲು ಸಿಂಧನೂರಿಗೆ ಬಂದವರು ನೇರ ಸತ್ಯಂ ಅವರ ಮನೆಗೆ ಹೋಗಿ ಕಾಲು ತೊಳೆದು ಊಟಕ್ಕೆ ಕೂತರು. ನಮ್ಮ ಮನಿಗೆ ನಾವು ಹೇಳಿ ಕಳಿಸಿ ಬರಬೇಕೇನು, ಅಂತ ಅವರ ವಾದ. ಕ್ಲಬ್ಬಿನ ಕೆಲವರು ಫೋನು ಎತ್ತುವುದನ್ನೇ ಬಿಟ್ಟರು. ನಾನು ಮಾತ್ರ ಎಲ್ಲದಕ್ಕೂ ಓಡುತ್ತಿದ್ದೆ. ಒಂದು ಕರೆ ತಪ್ಪಿದರೂ ಆ ಊರಿಗೆ ಅನುಮಾನ ಬರುತ್ತದೆ ಎಂಬ ಹೆದರಿಕೆ. ಅನುಮಾನ ಬಂದ ಮನೆಯಲ್ಲಿ ಕೂಸು ಹೇಗಿರುತ್ತದೆ ಎಂದು ನನಗೆ ಗೊತ್ತು. ಅಡುಗೆಮನೆಯಲ್ಲಿ ಪಿಸುಮಾತು ಕೇಳಿದರೆ ಸಾಕು, ನನ್ನ ಹೆಸರು ಬಂತೇನೋ ಎಂದು ಕಿವಿ ನಿಮಿರುತ್ತಿತ್ತು ಆಗ.

ಸುಗ್ಗಿ ಬಂತು. ನಾವು ಕೇಳದೆಯೇ ಪ್ರತಿ ಸದಸ್ಯನ ಮನೆಗೆ ಆ ಊರಿನಿಂದ ಸಜ್ಜೆ ಬಂತು, ಹೆಸರುಕಾಳು ಬಂತು, ಡಬ್ಬಿ ತುಂಬ ಗುರೆಳ್ಳು ಹಿಂಡಿ ಬಂತು. ಮಕರ ಸಂಕ್ರಮಣದ ಹೊತ್ತಿಗೆ ಸತ್ಯಂ ಅವರ ಹೆಂಡತಿಗೆ ಆಪರೇಷನ್ ಆಯಿತು. ಒಂದು ಟಂಟಂ ಗಾಡಿ ತುಂಬ ಹೆಂಗಸರು ಬಂದು ದವಾಖಾನೆಯ ವರಾಂಡದಲ್ಲಿ ಸಾಲಾಗಿ ಕೂತುಬಿಟ್ಟರು, ರೊಟ್ಟಿಗಂಟು ಸಮೇತ. ನರ್ಸಮ್ಮ ಗದರಿದರೆ ಹುಲಿಗೆಮ್ಮ, "ಹಡದವ್ವ ಒಳಗ ಮಲಗ್ಯಾಳ, ನಾವು ಎದ್ದು ಎಲ್ಲಿಗೆ ಹೋಗೂನು ಬೇ?" ಅಂದಳು. ನರ್ಸಮ್ಮ ಒಳಗಿದ್ದವರ ವಯಸ್ಸನ್ನೂ ಹೊರಗಿದ್ದವಳ ವಯಸ್ಸನ್ನೂ ನೋಡಿ ಬಾಗಿಲು ಹಾಕಿಕೊಂಡು ಒಳಗೆ ಹೋದಳು. ಸತ್ಯಂ ಆ ದಿನ ಗೋಡೆಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಸೇತುವೆಯ ಕೆಲಸ ಕುಂಟುತ್ತಿತ್ತು. ಪಂಚಾಯ್ತಿಯ ಒಪ್ಪಿಗೆ ತಡವಾಯಿತು, ಆಮೇಲೆ ಮರಳು ಸಿಗಲಿಲ್ಲ, ಮರಳು ಸಿಕ್ಕಾಗ ಕಟ್ಟುವ ಗೌಂಡಿಗಳು ಬೇರೆ ಕಡೆ ಹೋಗಿದ್ದರು. ಬಿಸಿಲು ನೆತ್ತಿ ಸುಡುತ್ತಿದ್ದ ಹೊತ್ತಿಗೆ ಹಳ್ಳದಲ್ಲಿ ಕಂಬಗಳು ಎದ್ದು ನಿಂತವು. ಮೇಲಿನ ಸ್ಲ್ಯಾಬ್ ಆಗಿರಲಿಲ್ಲ. ನಾನು ದಿನ ಬಿಟ್ಟು ದಿನ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ, ನಾನು ನಿಂತರೆ ಕೆಲಸ ಬೇಗ ಆಗುತ್ತದೆ ಎನ್ನುವ ಹಾಗೆ. "ನೀ ಹಿಂಗ ತಿರುಗ್ಯಾಡಿದ್ರ ಸಿಮೆಂಟು ಗಾಬರಿಯಾಗಿ ಲಗೂನ ಒಣಗಂಗಿಲ್ಲ ಲೇ, ನೆಳ್ಳಿಗೆ ಕುಂದ್ರು" ಎಂದು ಹುಲಿಗೆಮ್ಮ ಮಜ್ಜಿಗೆ ಕೊಟ್ಟು ಬೈಯುತ್ತಿದ್ದಳು. ಜೂನು ಹತ್ತಿರ ಬರುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಜೂನಿಗೂ ತನಗೂ ಏನು ಸಂಬಂಧ ಎಂದು ಕೇಳುತ್ತಿದ್ದಳು.

ಜೂನಿನ ಕೊನೆಯ ಸಭೆ. ಮುಂದಿನ ಅಧ್ಯಕ್ಷರು ಲಿಂಗಸುಗೂರಿನ ಶಿವಾನಂದ ವಕೀಲರು. ಕಡ್ಡಿ ಮುರಿದಂತೆ ಮಾತು. ಸಿಂಧನೂರಿನ ರಸ್ತೆಯ ನಡುವೆ ಗಿಡ ನೆಡುವುದು ತಮ್ಮ ವರ್ಷದ ಯೋಜನೆ ಎಂದರು. ಆಮೇಲೆ ಆ ಊರಿನ ವಿಷಯಕ್ಕೆ ಬಂದರು.

"ನನಗ ಈಗಿಂದನ ಫೋನ್ ಬರಾಕತ್ತಾವ. ಬಸುರಿ ಹೆಣ್ಣಿನ ಕುಬಸ ಐತಿ ಬರ್ರಿ, ಗೃಹಪ್ರವೇಶ ಐತಿ ಬರ್ರಿ. ನಾ ಕೋರ್ಟಿಗೆ ಹೋಗಲೋ, ಕುಬಸಕ್ಕ ಹೋಗಲೋ? ಕಂಬ ಎದ್ದಾವ, ಮ್ಯಾಲಿಂದು ಪಂಚಾಯ್ತಿಯವರು ನೋಡ್ಕೋತಾರ. ನಮ್ಮ ದತ್ತು ಮುಗೀತು ಅಂತ ಒಂದು ಠರಾವು ಮಾಡಿಬಿಡೂಣ."

ಹಲವರು ತಲೆಯಾಡಿಸಿದರು.  ನಾಡಿದ್ದಿನಿಂದ ಸತ್ಯಂ ಅವರ ಮಾತಿಗೆ ಅಧಿಕಾರವಿರಲಿಲ್ಲ. ನಾನು ಎದ್ದು ನಿಂತೆ.

"ವಕೀಲರ, ಒಂದು ಮಾತು ಕೇಳ್ತೀನಿ. ದತ್ತು ತಗೊಂಡ ಕೂಸನ್ನ ವಾಪಸ್ ಕಳಸಾಕ ಬರತೈತೇನು?"

ಬರುತ್ತದೆ ಎಂದೇ ಅವರು ಅನ್ನುತ್ತಾರೆ ಅಂದುಕೊಂಡಿದ್ದೆ. ಅಂದ ಕೂಡಲೇ ಬಾಯಿಗೆ ಬಂದಂತೆ ಬೈಯಲು ತಯಾರಾಗಿದ್ದೆ. ಅವರು ಕಾಗದ ಜೋಡಿಸುತ್ತ, ಕಕ್ಷಿಗಾರನಿಗೆ ಹೇಳುವ ಹಾಗೆ ಹೇಳಿದರು.

"ಬರಂಗಿಲ್ಲ. ಸರಿಯಾಗಿ ಕೊಟ್ಟು ತಗೊಂಡ ದತ್ತಕ ರದ್ದಾಗಂಗಿಲ್ಲ. ತಗೊಂಡವರು ಬ್ಯಾಡ ಅಂದ್ರೂ ಆಂವ ಅವರ ಮಗನ. ಹಡದವರ ಮನಿಗೆ ಹೋಗಿ ಕುಂತ್ರೂ ಅವರ ಮಗನ."

"ಮುಂದ ಅವರಿಗೆ ಸ್ವಂತ ಮಗ ಹುಟ್ಟಿದ್ರ?"

"ಹುಟ್ಟಲಿ. ಇಂವ ದೊಡ್ಡ ಮಗ, ಅಂವ ಸಣ್ಣ ಮಗ. ಅಷ್ಟ."

 ನಮ್ಮ ಮನೆತನದಲ್ಲಿ ಕೋರ್ಟು ಕಂಡವರಿರಲಿಲ್ಲ. ದೊಡ್ಡವರು ಕೊಟ್ಟರು, ದೊಡ್ಡವರು ಕರೆತಂದರು, ಅಲ್ಲಿಗೆ ಮುಗಿಯಿತು ಅಂದುಕೊಂಡೇ ತಲೆ ಹಣ್ಣಾಗಿತ್ತು ನನ್ನದು. ಗದ್ದೆ ಬೇಕಿರಲಿಲ್ಲ, ಮನೆ ಬೇಕಿರಲಿಲ್ಲ, ದೇವರಾಣೆಗೂ ಬೇಕಿರಲಿಲ್ಲ. ನೀನು ವಾಪಸು ಬಂದವನಲ್ಲ ಎಂದು ಒಬ್ಬರಾದರೂ ಒಂದು ಸಲ ಹೇಳಬೇಕಿತ್ತು.

"ನನ್ನ ಕಳಿಸಿದ್ರು" ಅಂದೆ.

"ಯಾರನ್ನ?"

"ನನ್ನ. ನಾಕ ವರ್ಷ ಇಟಗೊಂಡು ವಾಪಸ್ ಕಳಿಸಿದ್ರು. ಇದ ಸಿಂಧನೂರಾಗ. ವಕೀಲರ, ಈ ಮಾತು ನನಗ ಯಾರೂ ಹೇಳ್ಲಿಲ್ಲ."

ಐವತ್ತು ದಾಟಿದ ಗಂಡಸು, ಅಷ್ಟು ಜನರ ಮುಂದೆ, ಅತ್ತುಬಿಟ್ಟೆ. ನಾಚಿಕೆಯಾಯಿತು, ನಿಲ್ಲಿಸಲಾಗಲಿಲ್ಲ. ಖಾಸಿಂ ನನ್ನ ಹೆಗಲು ಹಿಡಿದ. "ಯಾ ಅಲ್ಲಾ! ಇಷ್ಟು ವರ್ಷ ನನಗೂ ಹೇಳ್ಲಿಲ್ಲಲ್ಲೋ" ಎಂದು ಅವನೂ ಮೂಗು ಒರೆಸಿಕೊಂಡ.

ವಕೀಲರು ದನಿ ಇಳಿಸಿ, "ಅಮರೇಶ, ಅದು ಬ್ಯಾರೆ, ಇದು ಬ್ಯಾರೆ. ಊರಿಗೆ ಆ ಕಾನೂನು ಹತ್ತಂಗಿಲ್ಲ" ಅಂದರು.

ಆಗ ಸತ್ಯಂ ಎದ್ದರು. "ನಾನು ಆ ಮುದುಕಿ ಬಾಯಿಗೆ ಸಕ್ಕರೆ ಹಾಕಿದೀನಂಡಿ. ತಮಾಷೆಗೆ ಹಾಕಿದೆ, ನಿಜ. ಅವಳು ತಮಾಷೆಗೆ ತಿನ್ನಲಿಲ್ಲ. ನೀವು ಠರಾವು ಮಾಡಿದರೂ ನಾನು ಹೋಗೋದೇ, ಗಿರಣಿ ಮುಚ್ಚಿ ಹೋಗೋದೇ. ಆ ಠರಾವು ಹಿಡಕೊಂಡು ಹೋಗಿ ಅವಳಿಗೆ ಓದಿ ಹೇಳೋರು ಯಾರು, ಅದೊಂದು ಹೇಳಿ."

 ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಆತ್ರೀ, ಠರಾವು ಬ್ಯಾಡ. ಗಿಡ ಮುಂದಿನವರು ಹಚ್ಚಲಿ, ನನ್ನ ವರ್ಷದಾಗ ಸ್ಲ್ಯಾಬ್ ಹಾಕೂಣ. ಕುಬಸಕ್ಕ ಮಾತ್ರ ನನ್ನ ಹೆಂಡ್ತಿನ್ನ ಕಳಸ್ತೀನಿ" ಅಂದರು.

ಆ ಮಳೆಗಾಲ ಕಂಬಗಳ ನಡುವೆಯೇ ಹಳ್ಳ ಹರಿಯಿತು. ಬೇಸಿಗೆಗೆ ಸ್ಲ್ಯಾಬ್ ಬಿತ್ತು. ಮುಂದಿನ ಮಳೆಗೆ ಮಕ್ಕಳು ಒಣಗಾಲಲ್ಲಿ ದಾಟಿದರು. ವಕೀಲರನ್ನು ಆ ಊರಿನವರು ಕಾಕಾ ಅನ್ನುತ್ತಾರೆ. ಆಮೇಲೆ ಬಂದ ಅಧ್ಯಕ್ಷರಲ್ಲಿ ಯಾರೂ ಬಿಡುವ ಮಾತೆತ್ತಿಲ್ಲ. ಬೈಯುತ್ತಾರೆ, ಹೋಗುತ್ತಾರೆ.

ನಾನು ಆ ಸಭೆಯಾದ ಮೇಲೆ ಕೆಲವು ದಿನ ಹುಚ್ಚನ ಹಾಗೆ ಊರು ಸುತ್ತಿದೆ. ಧಾನ್ಯದ ಪೇಟೆ ಗಂಜಿನ ತನಕ ಹೋಗುವುದು, ಕಾಲುವೆಯ ದಂಡೆಗೆ ಹೋಗುವುದು, ನನ್ನನ್ನು ದತ್ತು ತಗೊಂಡವರ ಓಣಿಯ ತಿರುವಿಗೆ ಬಂದು ಹಿಂತಿರುಗುವುದು. ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆಂದು ಹೊರಟವನು ಆ ಓಣಿಯೊಳಗೆ ನಡೆದುಬಿಟ್ಟೆ. ದೊಡ್ಡಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಬಾಗಿಲು ತೆಗೆದವನು ಅವರ ಮಗ ಬಸವರಾಜ, ನಾನು ಹೊರಡಬೇಕಾದ ವರ್ಷ ಹುಟ್ಟಿದ ಕೂಸು. ನೋಡಿ ಗಾಬರಿಯಾದ, ಆಮೇಲೆ "ಬಾ ಅಣ್ಣ" ಅಂದ. ಒಳಗೆ ಪಡಸಾಲೆಯಲ್ಲಿ ಅವನ ತಾಯಿ, ನನ್ನನ್ನು ಉಡಿಯಲ್ಲಿ ತಗೊಂಡವರು, ಮೊರ ಮುಂದಿಟ್ಟುಕೊಂಡು ಹೆಸರುಕಾಳು ಹಸನು ಮಾಡುತ್ತಿದ್ದರು. ಕಣ್ಣು ಮಂಜಾಗಿದ್ದವು, ಬೆರಳು ಮಾತ್ರ ಚುರುಕು.

ವಕೀಲರು ಹೀಗಂದರು, ಕಾನೂನು ಹೀಗಿದೆ, ನನಗೇನೂ ಬೇಡ, ಆದರೆ ನೀವು ಹಾಗೆ ಮಾಡಬಾರದಿತ್ತು. ಎಲ್ಲ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಕಂಬದ ಹತ್ತಿರ ನಿಂತೆ. ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ. ಆ ನಾಲ್ಕು ವರ್ಷ ಅವ್ವ ಅನ್ನುತ್ತಿದ್ದೆ; ವಾಪಸು ಬಂದ ಮೇಲೆ ದೊಡ್ಡವ್ವ ಅನ್ನು ಎಂದು ಮನೆಯಲ್ಲಿ ಕಲಿಸಿದ್ದರು. ನಾನು ಯಾವುದನ್ನೂ ಅನ್ನದೆ ಇಷ್ಟು ವರ್ಷ ಕಳೆದಿದ್ದೆ. ಅವರು ತಲೆಯೆತ್ತಿ ಬೆಳಕಿಗೆ ಅಡ್ಡವಾಗಿ ನಿಂತ ನನ್ನನ್ನು ಬಹಳ ಹೊತ್ತು ನೋಡಿದರು. ಮೊರ ಪಕ್ಕಕ್ಕೆ ಸರಿಸಿದರು. 

"ಅಮರೇಶ ಏನೋ? ಇಂಥಾ ಬಿಸಿಲಾಗ ಬಂದೀಯಲ್ಲೋ. ಉಂಡಿಯೇನು?"

ಹೊಟ್ಟೆ ತುಂಬಿತ್ತು.

"ಇಲ್ಲವ್ವ" ಅಂದೆ.